ರಾತ್ರಿ ಎಲ್ಲಿಗೆ ಹೋಗಿದ್ದಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಮಕ್ಕಳು ಪಿಯುಸಿ ಮುಗಿಸಿ ಬೆಳಗಾವಿಗೋ, ಹುಬ್ಬಳ್ಳಿಗೋ, ಬೆಂಗಳೂರಿಗೋ ಓದಲು ಹೋದ ಮೇಲೆ ಒಂದಲ್ಲ ಒಂದು ದಿನ ಫೋನಿನಲ್ಲಿ ಈ ಮಾತು ನಡೆಯುತ್ತದೆ.

"ನಿನ್ನಿ ರಾತ್ರಿ ಎಲ್ಲಿಗೆ ಹೋಗಿದ್ದಿ? ಫೋನ್ ಯಾಕ ಎತ್ತಲಿಲ್ಲ?"

"ಗೆಳ್ಯಾನ ಬರ್ತಡೇ ಇತ್ತಪ್ಪಾ. ಎಲ್ಲಾರೂ ಕೂಡಿ ಕ್ಲಬ್ಬಿಗೆ ಹೋಗಿದ್ವಿ."

"ಕ್ಲಬ್ಬಿಗೆ? ಇಸ್ಪೀಟ ಆಡಾಕ ಕಲ್ತಿ ಏನು?"

ಈ ಸೀಮೆಯಲ್ಲಿ ಕ್ಲಬ್ಬು ಎಂದರೆ ಎಲೆ ಕಲೆಸುವ ಜಾಗ. ಮಗ ಹೋದದ್ದು ಬೇರೆ ಕ್ಲಬ್ಬಿಗೆ. ಅಲ್ಲಿ ಇಸ್ಪೀಟಿಲ್ಲ, ಕಿವಿಗಡಚಿಕ್ಕುವ ಸಂಗೀತ, ಕಣ್ಣು ಕುಕ್ಕುವ ಬಣ್ಣದ ದೀಪ, ಕುಣಿತ, ಕುಡಿತ ಎಲ್ಲ ಇವೆ. ಒಳಗೆ ಕಾಲಿಟ್ಟರೆ ಒಂದು ಕಡೆ ಕಾಡು, ಇನ್ನೊಂದು ಕಡೆ ಹಡಗು, ಮತ್ತೊಂದು ಕಡೆ ಈಜಿಪ್ಟಿನ ಪಿರಮಿಡ್ಡು. ಇದಕ್ಕೆ 'ಥೀಮ್' ಎಂದು ಹೆಸರು. ಅಂದರೆ ಇಡೀ ಮನೆಯನ್ನೇ ಒಂದು ಕಥೆಯಂತೆ ಸಿಂಗರಿಸುವುದು. ಮಗನಿಗೆ ಇದನ್ನು ಅಪ್ಪನಿಗೆ ವಿವರಿಸಿ ಹೇಳುವ ತಾಳ್ಮೆ ಇರುವುದಿಲ್ಲ. ಅಪ್ಪನಿಗೆ ಕೇಳಿಸಿಕೊಳ್ಳುವ ಮನಸ್ಸಿರುವುದಿಲ್ಲ. ಮುಂದಿನ ಸಲ ಮಗ ಹೇಳದೆ ಹೋಗುತ್ತಾನೆ. ತೊಂದರೆ ಆರಂಭವಾಗುವುದು ಅಲ್ಲಿಂದ.

ಥೀಮು ಹೊಸದೇನೂ ಅಲ್ಲ

ಕಥೆಯ ಲೋಕವೊಂದನ್ನು ಕಟ್ಟಿ, ರಾತ್ರಿಯ ಹೊತ್ತು ಅದರೊಳಗೆ ಜನರನ್ನು ಕೂರಿಸುವ ವ್ಯಾಪಾರಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1890ರ ದಶಕದಲ್ಲಿ ಪ್ಯಾರಿಸ್ ನಗರದ ಮೋಂಮಾರ್ತ್ರ ಬಡಾವಣೆಯಲ್ಲಿ 'ಸ್ವರ್ಗ' ಮತ್ತು 'ನರಕ' ಎಂಬ ಹೆಸರಿನ ಎರಡು ಕ್ಯಾಬರೆಗಳು ಅಕ್ಕಪಕ್ಕದಲ್ಲೇ ಇದ್ದವು. ಸ್ವರ್ಗದಲ್ಲಿ ದೇವದೂತರ ವೇಷದವರು ಪಾನೀಯ ತಂದುಕೊಡುತ್ತಿದ್ದರು. ನರಕದ ಬಾಗಿಲೋ ಬಾಯಿ ತೆರೆದ ರಾಕ್ಷಸನ ಮುಖ! ಸಾವನ್ನೇ ವಿಷಯ ಮಾಡಿಕೊಂಡ ಮೂರನೆಯದೊಂದು ಅದೇ ಊರಿನಲ್ಲಿತ್ತು. ಅಲ್ಲಿ ಗಿರಾಕಿಗಳು ಕೂರುತ್ತಿದ್ದುದು ಶವಪೆಟ್ಟಿಗೆಯೇ ಮೇಜಾಗಿದ್ದ ಕಡೆ. ಈಗ ಆ ಮೂರೂ ಇಲ್ಲ. ಆದರೆ ಅವು ಹುಟ್ಟುಹಾಕಿದ ಉಪಾಯ ಲೋಕವನ್ನೆಲ್ಲ ಸುತ್ತಿತು. ಡಿಸ್ಕೋ ಎಂಬ ಮಾತೂ ಫ್ರೆಂಚರದೇ. ಪುಸ್ತಕಗಳಿಗೆ ಗ್ರಂಥಾಲಯವಿದ್ದಂತೆ ಗ್ರಾಮಾಫೋನ್ ತಟ್ಟೆಗಳ ಭಂಡಾರಕ್ಕೆ ಅವರು 'ಡಿಸ್ಕೊತೆಕ್' ಎನ್ನುತ್ತಿದ್ದರು. ಮುಂದೆ ಆ ತಟ್ಟೆಗಳನ್ನು ಹಾಕಿ ಕುಣಿಯುವ ಜಾಗಕ್ಕೂ ಅದೇ ಹೆಸರು ನಿಂತಿತು.

ಬೆಂಗಳೂರಿಗೂ ಇದು ಬಂದದ್ದು ನಿನ್ನೆ ಮೊನ್ನೆ ಅಲ್ಲ. 1990ರ ದಶಕದಲ್ಲಿ ಚರ್ಚ್ ಸ್ಟ್ರೀಟಿನ 'ನಾಸಾ' ಎಂಬ ಪಬ್ಬಿಗೆ ದೂರದೂರದ ಕಾಲೇಜು ಹುಡುಗರು ಹುಡುಕಿಕೊಂಡು ಹೋಗುತ್ತಿದ್ದರು. ಒಳಗೆಲ್ಲ ಬಾಹ್ಯಾಕಾಶ ನೌಕೆಯ ಅಲಂಕಾರ. ಆ ಪಬ್ಬು ಈಗ ಮುಚ್ಚಿದೆ. ಅಂದು ಅದರೊಳಗೆ ಕೂತಿದ್ದ ಹುಡುಗರು ಇಂದು ಕಾಲೇಜಿಗೆ ಹೋಗುವ ಮಕ್ಕಳ ತಂದೆಯರಾಗಿ, ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳುತ್ತಿದ್ದಾರೆ.

ಆದ್ದರಿಂದ ರಾತ್ರಿ ಹೊರಗೆ ಹೋಗುವ ಆಸೆ ಈಗಿನ ಮಕ್ಕಳ ಕೇಡು ಎಂದು ತಿಳಿಯುವುದು ಸರಿಯಲ್ಲ. ಈ ಮೂರು ತಾಲ್ಲೂಕುಗಳ ಹಿರಿಯರಂತೂ ಹಾಗೆ ಹೇಳುವಂತೆಯೇ ಇಲ್ಲ. ಏಕೆಂದರೆ ಕರ್ನಾಟಕದಲ್ಲಿ ರಾತ್ರಿಯಿಡೀ ಜನರನ್ನು ಮನೆಯಿಂದ ಹೊರಗೆ ಕೂರಿಸಿದ ಒಂದು ದೊಡ್ಡ ಕಲೆ ಬೆಳೆದದ್ದು ಇದೇ ನೆಲದಲ್ಲಿ.

ದ್ವಾರಕೆ ಕಟ್ಟಿದ ಕುಲಗೋಡ

ಆ ಕಲೆ ಶ್ರೀಕೃಷ್ಣ ಪಾರಿಜಾತ. ಮೂಲ ಕೃತಿಯನ್ನು ರಚಿಸಿದವನು ರಾಯಚೂರು ಕಡೆಯ ಅಪರಾಳ ತಮ್ಮಣ್ಣ ಎನ್ನುತ್ತಾರೆ. ಅದನ್ನು ಆಟಕ್ಕೆ ಒಗ್ಗಿಸಿ, ಬೆಳೆಸಿ, ಊರೂರಿಗೆ ಹಬ್ಬಿಸಿದ ಕೀರ್ತಿ ಕುಲಗೋಡ ತಮ್ಮಣ್ಣನದು. ಕುಲಗೋಡ ಹಿಂದೆ ಗೋಕಾಕ ತಾಲ್ಲೂಕಿನ ಹಳ್ಳಿ; ಮೂಡಲಗಿ ಬೇರೆ ತಾಲ್ಲೂಕಾದ ಮೇಲೆ ಅದರ ಪಾಲಿಗೆ ಬಂತು. 19ನೆಯ ಶತಮಾನದಲ್ಲಿ ರೂಪುಗೊಂಡ ಈ ಆಟ ಘಟಪ್ರಭೆಯ ದಂಡೆಯ ಊರುಗಳಲ್ಲಿ ಜಾತ್ರೆ, ಸುಗ್ಗಿ, ಹಬ್ಬ ಎಂದರೆ ಆಗಲೇಬೇಕು ಎನ್ನುವಷ್ಟು ಬೇರು ಬಿಟ್ಟಿತು.

ಕಥೆ ಸಣ್ಣದು. ನಾರದ ಒಂದು ಪಾರಿಜಾತದ ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಅವಳು ಮುನಿಯುತ್ತಾಳೆ. ಕೃಷ್ಣ ರಮಿಸಬೇಕು, ಅವಳು ಒಲ್ಲೆನೆನ್ನಬೇಕು. ನಡುವೆ ದೂತಿಯ ಓಡಾಟ, ಭಾಗವತನ ಕೊಂಕು ಮಾತು, ಕೊರವಂಜಿ ಬಂದು ಕಣಿ ಹೇಳುವ ಸಂಭ್ರಮ. ಒಂದು ಹೂವಿನ ಜಗಳಕ್ಕೆ ಬೆಳಗಾಗುವ ತನಕ ಸಾವಿರಾರು ಜನ ಕೂತಿರುತ್ತಿದ್ದರು. ಹಾರ್ಮೋನಿಯಂ, ತಬಲಾ, ತಾಳಗಳ ಜೊತೆಗೆ ಹಳ್ಳಿಯ ಮಟ್ಟು ಮತ್ತು ಶಾಸ್ತ್ರೀಯ ರಾಗ ಎರಡೂ ಬೆರೆತ ಹಾಡುಗಳೇ ಅದರ ಜೀವ.

ಥೀಮು ಎನ್ನುವುದಾದರೆ ಇದೂ ಥೀಮೇ. ಹಳ್ಳಿಯ ಬಯಲು ಆ ರಾತ್ರಿಯ ಮಟ್ಟಿಗೆ ದ್ವಾರಕೆ. ಆದರೆ ದ್ವಾರಕೆಯನ್ನು ಕಟ್ಟಲು ಲಕ್ಷಗಟ್ಟಲೆ ಖರ್ಚಿನ ಅಲಂಕಾರ ಬೇಕಿರಲಿಲ್ಲ. ಒಂದು ಅಟ್ಟ, ಒಂದು ಪರದೆ, ದೀವಟಿಗೆಯ ಬೆಳಕು ಇದ್ದರೆ ಸಾಕು. ಉಳಿದ ಊರನ್ನು ಹಾಡೇ ಕಟ್ಟುತ್ತಿತ್ತು. ದೀವಟಿಗೆ ಹೋಗಿ ಗ್ಯಾಸ್‌ಬತ್ತಿ ಬಂತು, ಗ್ಯಾಸ್‌ಬತ್ತಿ ಹೋಗಿ ವಿದ್ಯುದ್ದೀಪ ಬಂತು. ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ದೇಶದಲ್ಲೇ ಅಂಥ ಮೊದಲ ಕೆಲವು ಸಂಘಗಳಲ್ಲಿ ಒಂದು. ಹಳ್ಳಿಯ ಜನ ತಾವೇ ಸದಸ್ಯರಾಗಿ ತಮ್ಮ ಊರಿಗೆ ಕರೆಂಟು ತಂದುಕೊಂಡರು. ಆ ಕರೆಂಟು ಮೊದಲು ಆಟದ ಅಟ್ಟಕ್ಕೂ ಬೆಳಕು ಕೊಟ್ಟಿತು. ಆಮೇಲೆ ಟಿವಿಯ ರೂಪದಲ್ಲಿ ಮನೆಯೊಳಗೆ ಬಂದು ಆಟದ ಮುಂದೆ ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿಕೊಂಡು ಹೋಯಿತು. ಇಂದು ಪಾರಿಜಾತ ಹೆಚ್ಚಾಗಿ ಕಾಣುವುದು ಉತ್ಸವಗಳ ವೇದಿಕೆಯ ಮೇಲೆ, ಗಡಿಯಾರ ನೋಡಿ ಮುಗಿಸುವ ಗಂಟೆ ಎರಡು ಗಂಟೆಯ ಪ್ರದರ್ಶನವಾಗಿ.

ರಾತ್ರಿಯ ಶಾಲೆ

ಊಟ ಮುಗಿಸಿ, ಚಾಪೆ ಕಂಬಳಿ ಹೊತ್ತು, ಚಕ್ಕಡಿ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಿದ್ದರು. ಅಜ್ಜಿ, ತಾಯಿ, ಕಂಕುಳಲ್ಲಿ ಕೂಸು, ಎಲ್ಲ ವಯಸ್ಸಿನವರೂ ಅಲ್ಲೇ. ಚಹಾ, ಚುರುಮುರಿ, ಮಿರ್ಚಿ ಭಜಿಯ ಅಂಗಡಿಗಳು ಸುತ್ತ. ಹುಡುಗರು ನಡುರಾತ್ರಿಗೆ ಅಲ್ಲೇ ಮಲಗಿಬಿಡುತ್ತಿದ್ದರು. ಕೊರವಂಜಿ ಬಂದಾಗ ಯಾರೋ ತಟ್ಟಿ ಎಬ್ಬಿಸುತ್ತಿದ್ದರು. ಮಂಗಳ ಹಾಡುವ ಹೊತ್ತಿಗೆ ಮೂಡಲಲ್ಲಿ ಬೆಳಕು.

ಆ ರಾತ್ರಿಗಳು ವ್ಯರ್ಥವಾದವು ಎಂದು ಹೇಳುವಂತಿಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬೆಳೆದದ್ದು ಇದೇ ಬಯಲಾಟಗಳ ಸೀಮೆಯಲ್ಲಿ. ಮುಂದೆ ಅವರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಅಧ್ಯಯನದ ವಿಷಯ ಮಾಡಿಕೊಂಡರು. ಬಯಲಾಟದ ಧಾಟಿಯನ್ನು ಹೊಸ ನಾಟಕಕ್ಕೆ ತಂದ ಅವರ 'ಜೋಕುಮಾರಸ್ವಾಮಿ' 1972ರಲ್ಲಿ ಬಂತು. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಪಠ್ಯಪುಸ್ತಕದಲ್ಲಿ ಅವರನ್ನು ಓದುವ ವಿದ್ಯಾರ್ಥಿಗಳು ಆ ಬರಹದ ಬೇರು ಶಾಲೆಯ ಕೋಣೆಗಳಾಚೆ, ರಾತ್ರಿಯ ಬಯಲಿಗೂ ಚಾಚಿದೆ ಎಂಬುದನ್ನು ನೆನಪಿಡಬೇಕು.

ಹಾಗೆಂದು ಆಟಕ್ಕೆ ಹೋದವರೆಲ್ಲ ಕವಿಗಳಾಗಲಿಲ್ಲ. ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗ್ಗೆ ಎದ್ದು ರಾಮನಿಗೂ ಸೀತೆಗೂ ಏನು ಸಂಬಂಧ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇದ್ದರು. ನಿದ್ದೆಗೆಟ್ಟು ಮರುದಿನ ಶಾಲೆಯಲ್ಲಿ ತೂಕಡಿಸಿ ಮಾಸ್ತರರ ಏಟು ತಿಂದವರಿಗೂ ಕೊರತೆಯಿರಲಿಲ್ಲ.

ಹಳೆಯದೆಲ್ಲ ಹೊನ್ನಲ್ಲ

ಹಿರಿಯರು ಆ ಕಾಲವನ್ನು ನೆನೆಯುವಾಗ ಕೆಲವು ಸಂಗತಿಗಳನ್ನು ಬಿಟ್ಟು ಹೇಳುತ್ತಾರೆ. ಆಟದ ಸುತ್ತ ಕುಡಿತವೂ ಇತ್ತು, ಜಗಳವೂ ಇತ್ತು. ಹಣವುಳ್ಳವರು ಆಯೇರಿ ಮಾಡುವ ನೆಪದಲ್ಲಿ ನಡುವೆಯೇ ಆಟ ನಿಲ್ಲಿಸಿ ತಮ್ಮ ಹೆಸರು ಕೂಗಿಸಿಕೊಳ್ಳುತ್ತಿದ್ದರು. ಕೂರುವ ಜಾಗದಲ್ಲಿ ಗಂಡು ಹೆಣ್ಣಿನ ಭೇದ, ಜಾತಿಯ ಭೇದ ಎರಡೂ ಇದ್ದವು. ಎಲ್ಲರಿಗೂ ಬಯಲು ಒಂದೇ; ಆದರೆ ಎಲ್ಲರ ಚಾಪೆಯೂ ಒಂದೇ ಕಡೆ ಬೀಳುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬೆಲೆ ತೆತ್ತವರು ಹೆಣ್ಣುಮಕ್ಕಳು. ಮೊದಮೊದಲು ಹೆಣ್ಣಿನ ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. 20ನೆಯ ಶತಮಾನದಲ್ಲಿ ಹೆಣ್ಣುಮಕ್ಕಳು ಅಟ್ಟ ಹತ್ತಿದರು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಪಾರಿಜಾತದ ಹೆಸರಿನೊಂದಿಗೆ ತಮ್ಮ ಹೆಸರನ್ನೂ ಬೆಸೆದ ಕಲಾವಿದೆ. ಅವರ ಹಾಡಿಗೆ, ಅಭಿನಯಕ್ಕೆ ಜನ ದೂರದಿಂದ ಬರುತ್ತಿದ್ದರು. ಆದರೆ ಇಂಥ ಕಲಾವಿದೆಯರ ಆಟಕ್ಕೆ ರಾತ್ರಿ ತಲೆದೂಗಿದ ಸಮಾಜ ಹಗಲಾದ ಮೇಲೆ ಅವರನ್ನು ತನ್ನ ಮನೆಯ ಪಡಸಾಲೆಗೆ ಕರೆಯಲು ಹಿಂಜರಿಯಿತು. ಮೆಚ್ಚುವಾಗ ಸತ್ಯಭಾಮೆ, ಮರುದಿನ 'ಆಟದಾಕಿ'. ರಾತ್ರಿ ಹೊರಗಿದ್ದ ಹೆಣ್ಣನ್ನು ಒಂದು ತಕ್ಕಡಿಯಲ್ಲಿ, ಗಂಡನ್ನು ಇನ್ನೊಂದರಲ್ಲಿ ತೂಗುವ ಚಾಳಿ ಅಂದಿನದು. ಮಗನಿಗೆ "ಎಲ್ಲಿಗೆ ಹೋಗಿದ್ದಿ" ಎಂದು ಕೇಳುವ ಮನೆಯೇ ಮಗಳಿಗೆ "ಹೋಗೂದ ಬ್ಯಾಡ" ಎಂದು ಮಾತು ಮುಗಿಸುತ್ತದಲ್ಲ, ಅದು ಆ ಚಾಳಿಯ ಇಂದಿನ ರೂಪ. ಹಾಗೆ ಹೇಳಿಸಿಕೊಂಡ ಮಗಳು ಕೊನೆಗೂ ಹೋದಾಗ, ದಾರಿಯಲ್ಲಿ ಏನಾದರೂ ಆದರೆ ಮನೆಗೆ ಫೋನ್ ಮಾಡುವ ಧೈರ್ಯ ಅವಳಿಗೆ ಇರುವುದಿಲ್ಲ. ಆ ಮೌನವೇ ಅಪಾಯ.

ಬಾಗಿಲಿನ ಪ್ರಶ್ನೆ

ಹಾಗಾದರೆ ಬಯಲಾಟಕ್ಕೂ ನೈಟ್ ಕ್ಲಬ್ಬಿಗೂ ಇರುವ ನಿಜವಾದ ವ್ಯತ್ಯಾಸ ಯಾವುದು? ಒಂದರಲ್ಲಿ ದೇವರ ಕಥೆ, ಇನ್ನೊಂದರಲ್ಲಿ ಸಿನಿಮಾ ಹಾಡು ಎಂಬುದು ಮೇಲುನೋಟದ ಮಾತು. ನಿಜವಾದ ವ್ಯತ್ಯಾಸ ಬಾಗಿಲಿನದು. ಬಯಲಿಗೆ ಬಾಗಿಲಿಲ್ಲ. ಯಾರು ಬಂದರು, ಯಾರು ಎದ್ದು ಹೋದರು, ಯಾರ ಮಗ ಯಾರೊಡನೆ ಕೂತಿದ್ದಾನೆ ಎಲ್ಲವೂ ಊರಿನ ಕಣ್ಣಿಗೆ ಬೀಳುತ್ತಿತ್ತು. ಏನಾದರೂ ಅವಘಡವಾದರೆ ನಾಲ್ಕು ದಿಕ್ಕಿಗೂ ಓಡಬಹುದಿತ್ತು. ಕ್ಲಬ್ಬಿಗೆ ಬಾಗಿಲಿದೆ. ಅಲ್ಲಿ ಬಟ್ಟೆ, ಬೂಟು ನೋಡಿ ಒಳಗೆ ಬಿಡುತ್ತಾರೆ. ದುಡ್ಡು ಎಣಿಸಿಕೊಂಡು ಬಿಡುತ್ತಾರೆ. ಒಳಗೆ ಕತ್ತಲು, ಗದ್ದಲ, ಇಕ್ಕಟ್ಟು. ಹೊರಗೆ ಬರುವ ದಾರಿ ಮಾತ್ರ ಹಲವು ಸಲ ಒಂದೇ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2013ರ ಜನವರಿ 27ರಂದು ಬ್ರೆಜಿಲ್ ದೇಶದ ಸಾಂತಾ ಮರಿಯಾ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 'ಕಿಸ್' ಎಂಬ ನೈಟ್ ಕ್ಲಬ್ಬಿಗೆ ಬೆಂಕಿ ಬಿತ್ತು. ವಾದ್ಯಗೋಷ್ಠಿಯವರು ಹಚ್ಚಿದ ಬಾಣಬಿರುಸಿನ ಕಿಡಿ ಚಾವಣಿಯ ಫೋಮಿಗೆ ತಾಗಿ ವಿಷದ ಹೊಗೆ ಎದ್ದಿತು. ಹೊರಬರಲು ಇದ್ದದ್ದು ಒಂದೇ ದಾರಿ. ಸತ್ತವರು 242 ಮಂದಿ. ಹೆಚ್ಚಿನವರು ಕಾಲೇಜು ವಿದ್ಯಾರ್ಥಿಗಳು. ಮುಂಬಯಿಯ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಮಾಳಿಗೆಯ ಮೇಲಿನ ಪಬ್ಬಿಗೆ ಬೆಂಕಿ ಹತ್ತಿ 14 ಜನ ಸತ್ತರು. ದಾರಿ ಕಾಣದೆ ಶೌಚಾಲಯ ಹೊಕ್ಕವರು ಅಲ್ಲೇ ಉಸಿರುಗಟ್ಟಿದರು. ಬೆಳಗಾವಿ ಜಿಲ್ಲೆಯ ಹುಡುಗರು ರಜೆ ಬಂದರೆ ಓಡುವುದು ಪಕ್ಕದ ಗೋವಾಕ್ಕೆ. ಅಲ್ಲಿನ ಅರ್ಪೋರಾದ ಒಂದು ನೈಟ್ ಕ್ಲಬ್ಬಿನಲ್ಲಿ 2025ರ ಡಿಸೆಂಬರ್ 6ರ ರಾತ್ರಿ ಬೆಂಕಿಗೆ 25 ಜನ ಬಲಿಯಾದರು. ಅವರಲ್ಲಿ ಹೆಚ್ಚಿನವರು ಕುಣಿಯಲು ಬಂದವರಲ್ಲ, ಅಲ್ಲೇ ದುಡಿಯುತ್ತಿದ್ದ ಕೆಲಸಗಾರರು. ಅಡುಗೆ ಮಾಡಿ, ಪಾತ್ರೆ ತೊಳೆದು ಮನೆಗೆ ಹಣ ಕಳಿಸುತ್ತಿದ್ದ ಬಡವರ ಮಕ್ಕಳು.

ಈ ದುರಂತಗಳಲ್ಲಿ ಸತ್ತವರು ನಡತೆಗೆಟ್ಟು ಸತ್ತವರಲ್ಲ. ಉರಿಯುವ ಸಾಮಗ್ರಿಯ ಅಲಂಕಾರ, ಕಿರಿದಾದ ದಾರಿ, ನಿಯಮ ಮೀರಿದ ಮಾಲೀಕತನ, ಕಣ್ಣು ಮುಚ್ಚಿದ ಅಧಿಕಾರ ಇವು ಅವರನ್ನು ಕೊಂದವು. ಥೀಮಿಗಾಗಿ ಹಾಕುವ ಒಣಹುಲ್ಲು, ಬಿದಿರು, ಬಟ್ಟೆ, ಫೋಮು ಇವೇ ಬೆಂಕಿಗೆ ಮೊದಲ ತುತ್ತು ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಏನು ಹೇಳಬೇಕು, ಏನು ಕೇಳಬೇಕು

ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಕರ್ನಾಟಕದ ಅಬಕಾರಿ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಗೆಳೆಯನ ಗುರುತಿನ ಚೀಟಿ ತೋರಿಸಿ ಒಳಹೊಕ್ಕವನಿಗೆ ಏನಾದರೂ ಆದರೆ ಅವನು ಯಾರೆಂದು ಮನೆಗೆ ತಿಳಿಸುವುದೂ ಕಷ್ಟ. ಎಂಥ ಜಾಗವೇ ಆಗಲಿ, ಒಳಗೆ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಎರಡನೆಯ ಬಾಗಿಲು ಎಲ್ಲಿದೆ ಎಂದು ನೋಡುವುದು. ಅದು ಇಲ್ಲದಿದ್ದರೆ, ಅಥವಾ ಅದಕ್ಕೆ ಬೀಗ ಹಾಕಿದ್ದರೆ, ಕೊಟ್ಟ ದುಡ್ಡು ಹೋದರೂ ಹೋಗಲಿ ಎಂದು ಹೊರಗೆ ಬರುವುದೇ ಲೇಸು. ಹೊಗೆ ಕಂಡರೆ ಬಗ್ಗಿ ನಡೆದು ಬಾಗಿಲ ಕಡೆ ಹೋಗಬೇಕು. ಶೌಚಾಲಯಕ್ಕೆ ಓಡಬಾರದು, ಚೀಲ ಹುಡುಕುತ್ತ ನಿಲ್ಲಬಾರದು, ವಿಡಿಯೊ ತೆಗೆಯುತ್ತ ನಿಲ್ಲಬಾರದು. ಕುಡಿಯುವುದು ನೀರೇ ಇರಲಿ, ಲೋಟವನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು. ಕುಡಿದವನು ನಡೆಸುವ ಬೈಕು ಹತ್ತಬಾರದು. ನಾಲ್ವರು ಹೋದರೆ ನಾಲ್ವರೂ ಮರಳಬೇಕು. ತುರ್ತು ಸಹಾಯಕ್ಕೆ ದೇಶದಲ್ಲೆಲ್ಲ 112 ಎಂಬ ಒಂದೇ ಸಂಖ್ಯೆ ಇದೆ.

ದುಡ್ಡಿನ ಮಾತೂ ಇದೆ. ಚಕ್ಕಡಿಯಲ್ಲಿ ಬಂದು ಚುರುಮುರಿ ತಿಂದು ಹೋದವನಿಗೆ ಆಟ ನೋಡಲು ಟಿಕೆಟ್ಟು ಬೇಕಿರಲಿಲ್ಲ. ಮೇಳಕ್ಕೆ ವೀಳ್ಯ ಕೊಡುತ್ತಿದ್ದುದು ಊರು. ಕ್ಲಬ್ಬಿನಲ್ಲಿ ಪ್ರತಿ ತಲೆಗೂ ಬಿಲ್ಲು. ಐಷಾರಾಮಿ ಜಾಗದಲ್ಲಿ ಒಂದು ರಾತ್ರಿಗೆ ಆಗುವ ಖರ್ಚು ಕಬ್ಬು ಕಡಿಯುವ ಕೂಲಿಯವರ ಎಷ್ಟು ದಿನದ ದುಡಿಮೆ ಎಂದು ಲೆಕ್ಕ ಹಾಕುವುದು ಈ ಭಾಗದ ಮಕ್ಕಳಿಗೆ ಕಷ್ಟವಲ್ಲ. ಗೆಳೆಯರ ಗುಂಪಿನಲ್ಲಿ ಕೀಳೆನಿಸಬಾರದೆಂದು ಸಾಲ ಮಾಡಿ ಹೋಗುವವರೂ ಇದ್ದಾರೆ. "ನನ್ನ ಹತ್ರ ಅಷ್ಟ ರೊಕ್ಕ ಇಲ್ಲ" ಎಂಬ ಒಂದು ಮಾತನ್ನು ನಾಚಿಕೆಯಿಲ್ಲದೆ ಹೇಳಲು ಕಲಿತವನು ಅರ್ಧ ಪದವಿ ಪಡೆದಂತೆ. ಆ ಮಾತು ಕೇಳಿ ದೂರ ಸರಿಯುವವನು ಗೆಳೆಯನೇ ಅಲ್ಲ.

ಇನ್ನು ತಂದೆತಾಯಿಯರು. ಅವರು ಬಯಲಾಟದ ಭಾಗವತನಿಂದ ಒಂದು ಪಾಠ ಕಲಿಯಬಹುದು. ಹೊಸ ಪಾತ್ರ ಪ್ರವೇಶ ಮಾಡಿದಾಗಲೆಲ್ಲ ಭಾಗವತ ಮಾತಿಗೆ ನಿಲ್ಲುತ್ತಾನೆ: ಯಾರು ನೀವು, ಎಲ್ಲಿಂದ ಬಂದಿರಿ, ಬಂದ ಕಾರಣವೇನು? ಸಾಕ್ಷಾತ್ ದೇವರೇ ಬಂದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಆದರೆ ಅವನು ಕೇಳುವುದು ಪಾತ್ರ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಲಿ ಎಂದು. ತಪ್ಪು ಹಿಡಿದು ಹೊರಗಟ್ಟಲೆಂದಲ್ಲ. ಮನೆಯಲ್ಲಿ ಕೇಳುವ ಪ್ರಶ್ನೆಯೂ ಅದೇ ಆಗಬೇಕು. ಎಲ್ಲಿಗೆ, ಯಾರೊಡನೆ, ಎಷ್ಟು ಹೊತ್ತಿಗೆ, ಹೇಗೆ ಮರಳುವುದು. ಮಗನಿಗೂ ಇದೇ ಪ್ರಶ್ನೆ, ಮಗಳಿಗೂ ಇದೇ. ಹೋಗುವ ಮೊದಲೇ ಕೇಳಿದರೆ ಅದು ಕಾಳಜಿ. ಬಂದ ಮೇಲೆ ಕೇಳಿದರೆ ವಿಚಾರಣೆ.

ಬೇಡವೆನ್ನುವ ಹಕ್ಕು ಹಿರಿಯರಿಗಿದೆ. ಪರೀಕ್ಷೆ ಹತ್ತಿರವಿದ್ದರೆ, ವಯಸ್ಸು ಆಗಿಲ್ಲದಿದ್ದರೆ, ಜಾಗ ಸರಿಯಿಲ್ಲದಿದ್ದರೆ ಬೇಡವೆನ್ನಲೇಬೇಕು, ಕಾರಣವನ್ನೂ ಹೇಳಬೇಕು. ಆದರೆ ಬೇಡವೆಂದ ಮೇಲೂ ಒಂದು ಮಾತು ಉಳಿಸಿರಬೇಕು: "ನೀ ಎಲ್ಲೇ ಇರು, ಎಷ್ಟ ಹೊತ್ತೇ ಆಗಲಿ, ತ್ರಾಸ ಆದ್ರ ಫೋನ್ ಮಾಡು. ಬೈಯೂದು ಏನಿದ್ರೂ ಮುಂಜಾನೆ." ಊರಿನ ಕಣ್ಣು ಕಾಯುತ್ತಿದ್ದ ಕಾಲ ಹೋಯಿತು. ನೂರಾರು ಮೈಲಿ ದೂರದ ನಗರದಲ್ಲಿ, ಮುಚ್ಚಿದ ಬಾಗಿಲ ಒಳಗೆ ಇರುವ ಮಗನಿಗೆ ಅಥವಾ ಮಗಳಿಗೆ ಆ ಒಂದು ಫೋನ್ ಸಂಖ್ಯೆಯೇ ಎರಡನೆಯ ಬಾಗಿಲು. ಬೈಗುಳದ ಹೆದರಿಕೆಯಿಂದ ಅದಕ್ಕೂ ಬೀಗ ಬೀಳದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ.

ಸಾಧ್ಯವಿದ್ದರೆ ಇನ್ನೊಂದು ಕೆಲಸವನ್ನೂ ಮಾಡಬಹುದು. ರಜೆಗೆ ಮಕ್ಕಳು ಬಂದಾಗ ಸುತ್ತಲಿನ ಯಾವುದಾದರೂ ಊರಿನಲ್ಲಿ ಪಾರಿಜಾತವೋ ಸಣ್ಣಾಟವೋ ಇದ್ದರೆ ಕೂಡಿ ಹೋಗಿ ಬರುವುದು. ಮಕ್ಕಳಿಗೆ ಅದು ಹಿಡಿಸದೆ ಹೋಗಬಹುದು, ಬೇಗನೆ ನಿದ್ದೆಯೂ ಬರಬಹುದು. ಆದರೂ ಮನೆಯವರೆಲ್ಲ ಒಟ್ಟಿಗೆ ಒಂದು ರಾತ್ರಿ ಹೊರಗಿದ್ದು, ಮರುದಿನ ಯಾರೂ ಯಾರನ್ನೂ "ರಾತ್ರಿ ಎಲ್ಲಿಗೆ ಹೋಗಿದ್ದಿ" ಎಂದು ಕೇಳದ ಸುಖವಾದರೂ ಸಿಗುತ್ತದೆ.